ಕ್ವಾರ್ಟ್ಜ್ ಕಟ್ಟೆ: ಚದರಡಿ ದರದಾಚೆಯ ಲೆಕ್ಕ

ಅಡುಗೆಮನೆಯ ಕಟ್ಟೆಗೆ ಹಾಕುವ ಕ್ವಾರ್ಟ್ಜ್ ಸ್ಲ್ಯಾಬ್ ಕಾರ್ಖಾನೆಯಲ್ಲಿ ತಯಾರಾಗುವ ಕಲ್ಲು. ಕ್ವಾರ್ಟ್ಜ್ ಎಂದರೆ ಬೆಣಚುಕಲ್ಲು. ಅದನ್ನು ಒಡೆದು, ಹರಳನ್ನೂ ನುಣ್ಣನೆಯ ಹಿಟ್ಟನ್ನೂ ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದಕ್ಕೆ ಪಾಲಿಯೆಸ್ಟರ್ ರಾಳ ಮತ್ತು ಬಣ್ಣ ಸೇರುತ್ತವೆ. ಈ ಮಿಶ್ರಣವನ್ನು ಅಚ್ಚಿನಲ್ಲಿ ಹರಡಿ, ಒಳಗಿನ ಗಾಳಿಯನ್ನು ಹೀರಿ ತೆಗೆದು, ಅದುರಿಸುತ್ತಲೇ ಒತ್ತಿ, ಆಮೇಲೆ ಕಾವು ಕೊಟ್ಟು ಗಟ್ಟಿ ಮಾಡುತ್ತಾರೆ. ಕೊನೆಗೆ ಪಾಲಿಶ್. ತೂಕದ ಲೆಕ್ಕದಲ್ಲಿ ಇದರಲ್ಲಿ ಶೇ 90ಕ್ಕೂ ಮಿಕ್ಕಿ ಬೆಣಚುಕಲ್ಲೇ ಇರುತ್ತದೆ ಎಂದು ಮಾರಾಟಗಾರರು ಹೇಳುವುದು ನಿಜ. ಆದರೆ ರಾಳ ಕಲ್ಲಿಗಿಂತ ಬಹಳ ಹಗುರ. ಹಾಗಾಗಿ ತೂಕದಲ್ಲಿ ಶೇ 8ರಷ್ಟಿದ್ದ ರಾಳ, ಜಾಗದ ಲೆಕ್ಕಕ್ಕೆ ಬಂದಾಗ ಸ್ಲ್ಯಾಬಿನ ಆರನೇ ಒಂದು ಭಾಗವನ್ನು ತುಂಬಿರುತ್ತದೆ. ಕ್ವಾರ್ಟ್ಜ್ ಕಟ್ಟೆಯ ಒಳಿತು ಕೆಡುಕುಗಳೆಲ್ಲ ಬಹುಪಾಲು ಈ ರಾಳದಿಂದಲೇ ಹುಟ್ಟುತ್ತವೆ. ಕಲ್ಲಿನ ಸಂದುಗಳನ್ನೆಲ್ಲ ಅದು ತುಂಬಿಕೊಳ್ಳುವುದರಿಂದ ಎಣ್ಣೆ, ನೀರು ಒಳಗೆ ಇಳಿಯುವುದಿಲ್ಲ. ಅದೇ ರಾಳ ಕಾವು ತಾಳುವುದಿಲ್ಲ, ಬಿಸಿಲನ್ನೂ ತಾಳುವುದಿಲ್ಲ.

ಈ ವಿಧಾನವನ್ನು ರೂಪಿಸಿದ್ದು ಇಟಲಿಯ ಬ್ರೆಟನ್ ಕಂಪನಿ. ಮಾರ್ಚೆಲ್ಲೊ ತೊನ್ಚೆಲ್ಲಿ 1963ರಲ್ಲಿ ಅದನ್ನು ಸ್ಥಾಪಿಸಿದರು. ಇಸ್ರೇಲಿನ ಸ್ದೋತ್ ಯಾಮ್ ಎಂಬ ಕಿಬ್ಬುತ್ಸ್‌ನಲ್ಲಿ (ಸಾಮೂಹಿಕ ಒಡೆತನದ ಹಳ್ಳಿಯಲ್ಲಿ) 1987ರಲ್ಲಿ ಸೀಸರ್‌ಸ್ಟೋನ್ ಕಂಪನಿ ಆರಂಭವಾಯಿತು. ಸ್ಪೇನಿನ ಕೊಸೆಂಟಿನೊ ಕಂಪನಿ 1990ರಲ್ಲಿ ಸೈಲ್‌ಸ್ಟೋನ್ ಹೆಸರಿನಲ್ಲಿ ಸ್ಲ್ಯಾಬುಗಳನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಪೊಕರ್ಣ ಸಂಸ್ಥೆ ವಿಶಾಖಪಟ್ಟಣದ ಬಳಿಯ ಅಚ್ಯುತಾಪುರಂನಲ್ಲಿ ಬ್ರೆಟನ್ ಯಂತ್ರಗಳನ್ನೇ ಹೂಡಿ ತಯಾರಿಕೆಗಿಳಿಯಿತು. ಟೈಲ್ಸ್‌ಗೆ ಹೆಸರಾದ ಗುಜರಾತಿನ ಮೋರ್ಬಿ ಸುತ್ತಮುತ್ತಲೂ ಕ್ವಾರ್ಟ್ಜ್ ಕಾರ್ಖಾನೆಗಳಿವೆ. ಬೆಂಗಳೂರಿನ ಅಂಚಿನ ಜಿಗಣಿಯ ಕಲ್ಲಿನ ಯಾರ್ಡುಗಳಲ್ಲಿ ಇಂದು ಗ್ರಾನೈಟ್ ಸಾಲುಗಳ ಪಕ್ಕದಲ್ಲೇ ಕ್ವಾರ್ಟ್ಜ್ ಸ್ಲ್ಯಾಬುಗಳೂ ನಿಂತಿರುತ್ತವೆ.

ನಮ್ಮ ಕಟ್ಟೆಯ ಕಲ್ಲುಗಳ ನಡುವೆ

ಕರ್ನಾಟಕದ ಅಡುಗೆಮನೆಗಳಿಗೆ ಕಲ್ಲಿನ ಕಟ್ಟೆ ಹೊಸತಲ್ಲ. ಕಲಬುರಗಿ ಕಡೆ ಶಹಾಬಾದ್ ಕಲ್ಲು, ದಕ್ಷಿಣದಲ್ಲಿ ಕಡಪಾ ಕಲ್ಲು, ಆಮೇಲೆ ಎಲ್ಲೆಡೆ ಗ್ರಾನೈಟ್. ಶಹಾಬಾದ್, ಕಡಪಾ ಎರಡೂ ಸುಣ್ಣಕಲ್ಲಿನ ಜಾತಿಯವು. ಹುಣಸೆ ರಸ, ನಿಂಬೆ, ಮಜ್ಜಿಗೆ ಚೆಲ್ಲಿ ಹಾಗೇ ಬಿಟ್ಟರೆ ಹುಳಿ ಅವುಗಳ ಮೈಯನ್ನು ತಿಂದು ಮಂಕಾದ ಕಲೆ ಬಿಡುತ್ತದೆ. ಅಮೃತಶಿಲೆಯ ಕಥೆಯೂ ಇದೇ. ಬೆಣಚುಕಲ್ಲಿಗೆ ಅಡುಗೆಮನೆಯ ಯಾವ ಹುಳಿಯೂ ಏನೂ ಮಾಡದು. ಗಡಸುತನದಲ್ಲೂ ಅಂತರ ದೊಡ್ಡದು. ಮೋಸ್ ಮಾಪನದಲ್ಲಿ ಅಮೃತಶಿಲೆ 3ರ ಆಸುಪಾಸು, ಉಕ್ಕಿನ ಚಾಕು ಐದೂವರೆಯ ಆಸುಪಾಸು, ಗ್ರಾನೈಟ್ 6ರಿಂದ 7, ಬೆಣಚುಕಲ್ಲು 7. ಚಾಕು ಕ್ವಾರ್ಟ್ಜನ್ನು ಸುಲಭವಾಗಿ ಗೀರಲಾರದು. ಅದರ ಬದಲು ಚಾಕುವಿನ ಅಲಗೇ ಮೊಂಡಾಗುತ್ತದೆ. ಹಾಗಾಗಿ ತರಕಾರಿ ಹೆಚ್ಚಲು ಮಣೆ ಬೇಕೇ ಬೇಕು.

ಗ್ರಾನೈಟ್ ಜತೆಗಿನ ಹೋಲಿಕೆ ಇಷ್ಟು ಸಲೀಸಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ನೆರೆಯ ಆಂಧ್ರದ ಚೀಮಕುರ್ತಿಯಿಂದ ಬರುವ ಚುಕ್ಕಿ ಮಿನುಗುವ ಬ್ಲ್ಯಾಕ್ ಗ್ಯಾಲಕ್ಸಿ, ಇವೆಲ್ಲ ಇಲ್ಲಿ ಹತ್ತಿರದಲ್ಲೇ ಸಿಗುವ ಗಟ್ಟಿ ಕಲ್ಲುಗಳು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೂ ಕಪ್ಪು ಗ್ರಾನೈಟ್ ಸಾಮಾನ್ಯವಾಗಿ ಜಪ್ಪೆನ್ನುವುದಿಲ್ಲ. ದರವೂ ಸಾಧಾರಣವಾಗಿ ಕ್ವಾರ್ಟ್ಜ್‌ಗಿಂತ ಕಡಿಮೆ. ಕ್ವಾರ್ಟ್ಜ್ ಮೇಲುಗೈ ಸಾಧಿಸುವುದು ಬಿಳಿ ಮತ್ತು ತಿಳಿ ಬಣ್ಣಗಳಲ್ಲಿ. ತಿಳಿ ಬಣ್ಣದ ಗ್ರಾನೈಟ್ ಎಣ್ಣೆ, ಅರಿಶಿನ ಹೀರಿಕೊಂಡು ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅದಕ್ಕೆ ಆಗಾಗ ಸೀಲರ್ ಹಚ್ಚಬೇಕು. ಕ್ವಾರ್ಟ್ಜ್‌ಗೆ ಸೀಲರ್ ಬೇಡ. ಬೆಳಕು ಕಡಿಮೆ ಬೀಳುವ ಅಪಾರ್ಟ್‌ಮೆಂಟ್ ಅಡುಗೆಮನೆಗೆ ತಿಳಿ ಬಣ್ಣದ ಕಟ್ಟೆ ಬೇಕೆಂದಿದ್ದರೆ ಕ್ವಾರ್ಟ್ಜ್‌ಗೆ ಕೊಡುವ ಹೆಚ್ಚಿನ ಹಣಕ್ಕೆ ಅರ್ಥವಿದೆ. ಕಪ್ಪು ಕಟ್ಟೆಯೇ ಬೇಕೆನ್ನುವವರು ಕಪ್ಪು ಕ್ವಾರ್ಟ್ಜ್ ಕೊಳ್ಳುವುದಕ್ಕೆ ಬಲವಾದ ಕಾರಣ ಸಿಗುವುದು ಕಷ್ಟ. ಆ ಹಣದಲ್ಲಿ ಅದಕ್ಕಿಂತ ಒಳ್ಳೆಯ ಕಪ್ಪು ಗ್ರಾನೈಟ್ ಬರುತ್ತದೆ.

ಕಾವು, ಬಿಸಿಲು, ಅರಿಶಿನ

ಪಾಲಿಯೆಸ್ಟರ್ ರಾಳ ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಣ್ಣಗೆಡಲು ಆರಂಭಿಸುತ್ತದೆ. ಕುದಿಯುವ ಸಾರಿನ ಪಾತ್ರೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಅದರಿಂದ ತಕ್ಷಣಕ್ಕೆ ದೊಡ್ಡ ಅಪಾಯವಿಲ್ಲ. ದೋಸೆಯ ಕಾವಲಿ, ರೊಟ್ಟಿಯ ಹಂಚು, ಒಗ್ಗರಣೆ ಸೌಟು, ಕರಿಯುವ ಬಾಣಲೆ ಇವು ಸುಲಭವಾಗಿ 200 ಡಿಗ್ರಿ ದಾಟುತ್ತವೆ. ಅವನ್ನು ಒಮ್ಮೆ ನೇರವಾಗಿ ಇಟ್ಟರೂ ತಿಳಿ ಬಣ್ಣದ ಸ್ಲ್ಯಾಬ್ ಮೇಲೆ ಹಳದಿ ಮಿಶ್ರಿತ ಕಂದು ಉಂಗುರ ಮೂಡಬಹುದು. ಅದು ಮೇಲ್ಮೈಯ ಕೊಳೆಯಲ್ಲ, ರಾಳವೇ ಸುಟ್ಟ ಗುರುತು. ಉಜ್ಜಿದರೆ ಹೋಗುವುದಿಲ್ಲ. ಇನ್ನೊಂದು ಅಪಾಯ ಬಿರುಕಿನದು. ರಾಳ ಬೆರೆತ ಕಲ್ಲು ಕಾವಿಗೆ ಗ್ರಾನೈಟ್‌ಗಿಂತ ಹೆಚ್ಚು ಹಿಗ್ಗುತ್ತದೆ. ಒಂದೆಡೆ ಮಾತ್ರ ಥಟ್ಟನೆ ಕಾದಾಗ ಆ ಭಾಗ ಹಿಗ್ಗಿ, ಸುತ್ತಲಿನದು ಹಿಗ್ಗದೆ, ಸಿಂಕ್ ಅಥವಾ ಒಲೆಗೆ ಕೊರೆದ ಮೂಲೆಯಿಂದ ಸೀಳು ಹೊರಡಬಹುದು. ಕಬ್ಬಿಣದ ಅಥವಾ ಮರದ ಸಿಂಬಿ ಕೈಯಳತೆಯಲ್ಲೇ ಇದ್ದರೆ ಈ ತೊಂದರೆಯೆಲ್ಲ ದೂರ. ಹಬ್ಬದ ದಿನ ನಾಲ್ಕಾರು ಕೈಗಳು ಒಟ್ಟಿಗೆ ಅಡುಗೆ ಮಾಡುವ ಮನೆಯಲ್ಲಿ ಆ ಶಿಸ್ತು ಎಷ್ಟು ಉಳಿದೀತು ಎಂಬುದನ್ನು ಮನೆಯವರೇ ಮೊದಲು ಪ್ರಾಮಾಣಿಕವಾಗಿ ಯೋಚಿಸಬೇಕು.

ಬಿಸಿಲಿನ ನೇರಳಾತೀತ ಕಿರಣಕ್ಕೂ ರಾಳ ಹಳದಿಯಾಗುತ್ತದೆ. ತೆರೆದ ಯುಟಿಲಿಟಿ, ಬಾಲ್ಕನಿ, ತಾರಸಿಯ ಮೇಲಿನ ಒಲೆಕಟ್ಟೆ ಇಲ್ಲೆಲ್ಲ ಕ್ವಾರ್ಟ್ಜ್ ಬೇಡ. ಅಲ್ಲಿಗೆ ಗ್ರಾನೈಟೇ ಸರಿ.

ಕರ್ನಾಟಕದ ಅಡುಗೆಮನೆಯಲ್ಲಿ ಕಟ್ಟೆಗೆ ದಿನನಿತ್ಯದ ಪರೀಕ್ಷೆ ಅರಿಶಿನದ್ದು. ಒಳ್ಳೆಯ ಕ್ವಾರ್ಟ್ಜ್ ಮೇಲೆ ಬಿದ್ದ ಅರಿಶಿನವನ್ನು ಅರ್ಧ ಗಂಟೆಯೊಳಗೆ ಒರೆಸಿದರೆ ಗುರುತು ಉಳಿಯುವುದಿಲ್ಲ. ಎಣ್ಣೆಯೊಂದಿಗೆ ಬೆರೆತು ರಾತ್ರಿಯೆಲ್ಲ ಕೂತರೆ ಬಿಳಿ ಸ್ಲ್ಯಾಬ್ ಮೇಲೆ ತೆಳು ಹಳದಿ ನಿಲ್ಲಬಹುದು. ಅದರ ಮೇಲೆ ಕ್ಷಾರವಿರುವ ಸೋಪಿನ ಪುಡಿ ಸುರಿದರೆ ಹಳದಿ ಕೆಂಪಾಗುತ್ತದೆ. ಕ್ಷಾರ ತಗಲಿದಾಗ ಅರಿಶಿನ ಬಣ್ಣ ಬದಲಿಸುವುದರಿಂದ ಹೀಗಾಗುತ್ತದೆ, ಹೆದರಬೇಕಿಲ್ಲ. ಪಾತ್ರೆ ತೊಳೆಯುವ ದ್ರವ ಮತ್ತು ಮೃದುವಾದ ಸ್ಪಂಜು ಸಾಕು. ಉಳಿದ ತೆಳು ಛಾಯೆ ಕಿಟಕಿಯ ಬೆಳಕಿಗೆ ದಿನಗಳೆದಂತೆ ತಾನಾಗಿ ಮಾಸುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಪೈಪು ಕಟ್ಟಿದಾಗ ಸುರಿಯುವ ಕಾಸ್ಟಿಕ್ ಪುಡಿ ಮಾತ್ರ ಕಟ್ಟೆಗೆ ತಾಗಬಾರದು. ಅಂಥ ತೀಕ್ಷ್ಣ ಕ್ಷಾರ ರಾಳವನ್ನೇ ಕೊರೆಯುತ್ತದೆ.

ಬಣ್ಣ ಆರಿಸುವಾಗ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರು ಬಳಸುವ ಬಡಾವಣೆಗಳಲ್ಲಿ ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆ ಬಿಡುತ್ತದೆ. ಹೊಳಪಿನ ಕಡುಗಪ್ಪು, ಕಡುಬೂದು ಸ್ಲ್ಯಾಬುಗಳ ಮೇಲೆ ಸಿಂಕಿನ ಸುತ್ತ ಅದು ಎದ್ದು ಕಾಣುತ್ತದೆ. ಅಪ್ಪಟ ಬಿಳಿಯಲ್ಲಿ ಅರಿಶಿನ, ಚಹಾ, ಬೀಟ್‌ರೂಟ್ ಎದ್ದು ಕಾಣುತ್ತವೆ. ನಡುವಿನ ಕೆನೆ ಬಣ್ಣ, ತಿಳಿಬೂದು, ಸಣ್ಣ ಹರಳಿನ ಚುಕ್ಕಿಯಿರುವ ಮೈ, ಇವು ಎರಡನ್ನೂ ಮರೆಸಿಕೊಳ್ಳುತ್ತವೆ. ಅಗ್ಗವೂ ಇವೇ. ಅಪ್ಪಟ ಬಿಳಿಗೆ ಕಬ್ಬಿಣದ ಅಂಶವಿಲ್ಲದ ಶುದ್ಧ ಬೆಣಚುಕಲ್ಲು ಬೇಕು. ಇಟಲಿಯ ಅಮೃತಶಿಲೆಯ ಹಾಗೆ ಉದ್ದನೆಯ ಗೆರೆಗಳು ಓಡುವ ವಿನ್ಯಾಸಕ್ಕೆ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸ ಬೇಕು. ಆ ಗೆರೆಗಳನ್ನು ಜಾಯಿಂಟಿನಲ್ಲಿ ಕೂಡಿಸಲು ಹೋದರೆ ಕಲ್ಲೂ ಹೆಚ್ಚು ವ್ಯರ್ಥವಾಗುತ್ತದೆ. ಚುಕ್ಕಿ ಮೈಯ ಸ್ಲ್ಯಾಬಿನಲ್ಲಿ ಜಾಯಿಂಟ್ ಹುಡುಕಿದರೂ ಸುಲಭಕ್ಕೆ ಕಾಣದು.

ಅಗ್ಗದ ಸ್ಲ್ಯಾಬನ್ನು ಪರೀಕ್ಷಿಸುವ ಬಗೆ

ಎರಡು ಸ್ಲ್ಯಾಬುಗಳು ಒಂದೇ ತೆರನಾಗಿ ಕಂಡರೂ ದರದಲ್ಲಿ ಭಾರಿ ಅಂತರವಿರಬಹುದು. ಕೆಲವೊಮ್ಮೆ ಅದು ಬ್ರ್ಯಾಂಡಿನ ಹೆಸರಿಗೆ ತೆರುವ ಬೆಲೆ. ಕೆಲವೊಮ್ಮೆ ಒಳಗಿನ ಸರಕೇ ಬೇರೆ: ರಾಳ ಹೆಚ್ಚಾಗಿರಬಹುದು, ಬೆಣಚುಹಿಟ್ಟಿನ ಬದಲು ಸುಣ್ಣಕಲ್ಲಿನ ಹಿಟ್ಟು ಬೆರೆತಿರಬಹುದು, ಒತ್ತುವಿಕೆ ಸಾಲದೆ ಸೂಕ್ಷ್ಮ ರಂಧ್ರಗಳು ಉಳಿದಿರಬಹುದು. ಇದಲ್ಲದೆ ಅಂಗಡಿಗಳಲ್ಲಿ ಕ್ವಾರ್ಟ್ಜ್ ಎಂಬ ಹೆಸರಿನ ನೆರಳಿನಲ್ಲಿ ಬೇರೆ ವಸ್ತುಗಳೂ ಮಾರಾಟವಾಗುತ್ತವೆ. ಹಾಲಿನಂತೆ ಬೆಳ್ಳಗಿರುವ ನ್ಯಾನೊ ವೈಟ್ ಗಾಜಿನ ಪುಡಿಯಿಂದ ಆದದ್ದು. ನೋಡಲು ಚೆಂದ, ಅಂಚಿಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಕೃತಕ ಅಮೃತಶಿಲೆ ಎಂದರೆ ಅಮೃತಶಿಲೆಯ ಪುಡಿಗೆ ರಾಳ ಬೆರೆಸಿದ್ದು. ಅದಕ್ಕೆ ನಿಂಬೆಹುಳಿ ತಾಗಬಾರದು. ಕ್ವಾರ್ಟ್ಜೈಟ್ ನೆಲದಿಂದ ತೆಗೆದ ನೈಸರ್ಗಿಕ ಕಲ್ಲು. ಬಹಳ ಗಟ್ಟಿ, ಆದರೆ ಸೀಲರ್ ಬೇಡುತ್ತದೆ.

ಇವನ್ನು ಪ್ರತ್ಯೇಕಿಸಲು ಪ್ರಯೋಗಾಲಯ ಬೇಕಿಲ್ಲ. ಕೊಳ್ಳಲಿರುವ ಸ್ಲ್ಯಾಬಿನದೇ ಅಂಗೈಯಗಲದ ತುಂಡೊಂದನ್ನು ಅಂಗಡಿಯವರಿಂದ ಕೇಳಿ ಪಡೆಯಬೇಕು. ಒಳ್ಳೆಯ ಸರಕು ಇಟ್ಟವರು ಕೊಡಲು ಹಿಂಜರಿಯುವುದಿಲ್ಲ. ಮೊದಲು ಕತ್ತರಿಸಿದ ಅಂಚನ್ನು ನೋಡಬೇಕು: ಮೇಲಿನ ಬಣ್ಣವೂ ಹರಳೂ ತಳದವರೆಗೆ ಒಂದೇ ಸಮನಾಗಿ ಹರಡಿರಬೇಕು. ಗೆರೆಗಳು ಮೇಲ್ಮೈಯಲ್ಲಷ್ಟೇ ಇದ್ದು ಅಂಚಿನಲ್ಲಿ ಕಾಣೆಯಾದರೆ ಮುಂದೆ ಅಂಚು ಪಾಲಿಶ್ ಮಾಡಿದಾಗ ಅಂದ ಕೆಡುತ್ತದೆ. ಉಕ್ಕಿನ ಚಾಕುವಿನ ಮೊನೆಯಿಂದ ಎಳೆದಾಗ ಬೀಳುವ ಗೆರೆ ಲೋಹದ್ದಾಗಿರಬೇಕು, ಒರೆಸಿದರೆ ಹೋಗಬೇಕು. ಕಲ್ಲೇ ಗೀರಿದ್ದರೆ ಅದು ಕ್ವಾರ್ಟ್ಜ್ ಅಲ್ಲ. ಪಾಲಿಶ್ ಇಲ್ಲದ ಹಿಂಬದಿಗೆ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಡಬೇಕು. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ ಎಂದೇ ಲೆಕ್ಕ. ಕೊನೆಗೆ, ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಪಾಲಿಶ್ ಆದ ಬದಿಗೆ ಬಳಿದು ರಾತ್ರಿ ಇಟ್ಟು ಬೆಳಗ್ಗೆ ತೊಳೆಯಬೇಕು. ಎರಡು ಮೂರು ಅಂಗಡಿಗಳ ತುಂಡುಗಳನ್ನು ಒಟ್ಟಿಗೆ ಹೀಗೆ ಪರೀಕ್ಷಿಸಿದರೆ ಯಾವುದಕ್ಕೆ ಎಷ್ಟು ಹಣ ಕೊಡಬಹುದೆಂಬುದು ಕಣ್ಣೆದುರೇ ತಿಳಿಯುತ್ತದೆ. ಅಂಗಡಿಯವರು ಹೇಳುವ ಯಾವ ಮಾತಿಗಿಂತಲೂ ಈ ಒಂದು ರಾತ್ರಿಯ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ.

ವಾರಂಟಿ ಕಾರ್ಡ್ ಇದ್ದರೆ ಅದು ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಭಾಗವನ್ನು ಓದಬೇಕು. ಹೆಚ್ಚಿನವು ತಯಾರಿಕೆಯ ದೋಷಕ್ಕಷ್ಟೇ ಸೀಮಿತ. ಕಾವಿನ ಕಲೆ, ಪೆಟ್ಟಿನ ಚಕ್ಕೆ, ಅಳವಡಿಸುವಾಗ ಬಿದ್ದ ಬಿರುಕು ಅದರೊಳಗೆ ಬರುವುದಿಲ್ಲ.

ಅಳತೆಯಲ್ಲಿ ಅಡಗಿರುವ ಹಣ

ಹಣ ಉಳಿಯುವುದೂ ಪೋಲಾಗುವುದೂ ಹೆಚ್ಚಾಗಿ ಇಲ್ಲೇ. ಯಾರ್ಡಿನಲ್ಲಿ ದರವನ್ನು ಚದರಡಿಗೆ ಹೇಳುತ್ತಾರೆ, ಮಾರುವುದು ಮಾತ್ರ ಪೂರ್ತಿ ಸ್ಲ್ಯಾಬನ್ನು. ಆದ್ದರಿಂದ ಚದರಡಿಗೆ ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡಿ ಗಳಿಸುವುದಕ್ಕಿಂತ, ಒಂದು ಸ್ಲ್ಯಾಬಿನಲ್ಲಿ ಮುಗಿಯುವ ಕೆಲಸವನ್ನು ಎರಡಕ್ಕೆ ಹೋಗದಂತೆ ತಡೆಯುವುದು ಎಷ್ಟೋ ಪಟ್ಟು ದೊಡ್ಡ ಉಳಿತಾಯ.

ಸಾಮಾನ್ಯವಾಗಿ ಸಿಗುವ ಒಂದು ಅಳತೆ 3050 ಮಿಲಿಮೀಟರ್ ಉದ್ದ, 1440 ಮಿಲಿಮೀಟರ್ ಅಗಲ. ಅಂದರೆ ಹತ್ತು ಅಡಿ ಉದ್ದ, ನಾಲ್ಕೂಮುಕ್ಕಾಲು ಅಡಿಗೆ ತುಸು ಕಡಿಮೆ ಅಗಲ. ಒಟ್ಟು ಸುಮಾರು 47 ಚದರಡಿ. ಜಂಬೊ ಎಂದು ಕರೆಯುವ ದೊಡ್ಡ ಅಳತೆ 3200ಕ್ಕೆ 1600 ಮಿಲಿಮೀಟರ್, ಸುಮಾರು 55 ಚದರಡಿ. ಕಟ್ಟೆಯ ಅಗಲ ಎರಡು ಅಡಿ ಎಂದಿಟ್ಟುಕೊಂಡರೆ ಚಿಕ್ಕ ಸ್ಲ್ಯಾಬಿನಲ್ಲಿ ಹತ್ತಡಿ ಉದ್ದದ ಎರಡು ಪಟ್ಟಿಗಳು ಬರುತ್ತವೆ, ಒಟ್ಟು 20 ಅಡಿ ಕಟ್ಟೆ. ಜತೆಗೆ ಹತ್ತಡಿ ಉದ್ದ, ಎಂಟೂವರೆ ಇಂಚು ಅಗಲದ ಒಂದು ಪಟ್ಟಿ ಉಳಿಯುತ್ತದೆ. ದರ್ಜಿ ಕತ್ತರಿ ಹಾಕುವ ಮುನ್ನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡುವಂತೆ, ಈ ಸ್ಲ್ಯಾಬಿನ ಚಿತ್ರವನ್ನು ಕಾಗದದ ಮೇಲೆ ಬರೆದು ತುಂಡುಗಳನ್ನು ಹೊಂದಿಸಿ ನೋಡದೆ ಮುಂಗಡ ಕೊಡಬಾರದು.

ಎಲ್ ಆಕಾರದ ಅಡುಗೆಮನೆಯನ್ನು ತೆಗೆದುಕೊಳ್ಳೋಣ. ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ 8 ಅಡಿ. ಮೂಲೆಯ ಎರಡು ಅಡಿ ಮೊದಲ ಪಟ್ಟಿಯಲ್ಲೇ ಸೇರಿಹೋಗುವುದರಿಂದ ಎರಡನೆಯ ಪಟ್ಟಿಯಲ್ಲಿ ಬೇಕಾಗುವುದು 6 ಅಡಿ. ಉಳಿದ 4 ಅಡಿಗೆ 2 ಅಡಿಯ ತುಂಡು ಕಿಟಕಿಯ ಕಟ್ಟೆಗೋ ಮೈಕ್ರೊವೇವ್ ಇಡುವ ಹಲಗೆಗೋ ಆಗುತ್ತದೆ. ಎಂಟೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಸೀಳಿದರೆ ನಾಲ್ಕಿಂಚಿನ ಎರಡು ಸ್ಕರ್ಟಿಂಗ್ ಪಟ್ಟಿಗಳು, ಅಂದರೆ 20 ಅಡಿ ಸಿಗುತ್ತದೆ. ಗೋಡೆಯುದ್ದಕ್ಕೆ ಬೇಕಾದದ್ದು 18 ಅಡಿ. ಎಲ್ಲವೂ ಒಂದೇ ಸ್ಲ್ಯಾಬಿನಲ್ಲಿ ಮುಗಿಯಿತು. ಆದರೆ ಅಗಲವನ್ನು 24 ಇಂಚಿನ ಬದಲು 25 ಇಂಚು ಮಾಡಿದರೆ ಉಳಿಯುವ ಪಟ್ಟಿ ಆರೂವರೆ ಇಂಚಿಗೆ ಇಳಿದು ಒಂದೇ ಸ್ಕರ್ಟಿಂಗ್ ಬರುತ್ತದೆ. ಗೋಡೆ 10 ಅಡಿಯ ಬದಲು 10 ಅಡಿ 3 ಇಂಚು ಇದ್ದರೆ ಒಂದೋ ಜಂಬೊ ಸ್ಲ್ಯಾಬ್ ತೆಗೆದುಕೊಳ್ಳಬೇಕು, ಇಲ್ಲವೇ ಇನ್ನೊಂದು ಜಾಯಿಂಟ್ ಒಪ್ಪಿಕೊಳ್ಳಬೇಕು. ಒಂದೊಂದು ಇಂಚಿಗೂ ಇಲ್ಲಿ ಬೆಲೆಯಿದೆ.

ಯು ಆಕಾರದ ಅಡುಗೆಮನೆಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ನಡುವಿನ ಗೋಡೆ 10 ಅಡಿ, ಎರಡೂ ಬದಿಗೆ ಮೂಲೆ ಬಿಟ್ಟು ಆರಾರು ಅಡಿ ಎಂದಾದರೆ 22 ಅಡಿ ಕಟ್ಟೆ, ಅಂದರೆ 44 ಚದರಡಿ. ಸ್ಲ್ಯಾಬ್ 47 ಚದರಡಿ ಇರುವುದರಿಂದ ಸಾಲುತ್ತದೆ ಎಂದು ತೋರುತ್ತದೆ. ಸಾಲುವುದಿಲ್ಲ. ಎರಡಡಿ ಅಗಲದ ಪಟ್ಟಿ ಸಿಗುವುದು 20 ಅಡಿ ಮಾತ್ರ. ಎಂಟೂವರೆ ಇಂಚಿನ ಪಟ್ಟಿ ಕಟ್ಟೆಗೆ ಬಾರದು. ಎರಡಡಿಯ ಕೊರತೆಗಾಗಿ ಪೂರ್ತಿ ಎರಡನೇ ಸ್ಲ್ಯಾಬ್ ಕೊಳ್ಳುವ ಮನೆಗಳು ಇವೇ. ಇದಕ್ಕೊಂದು ಸೊಗಸಾದ ಪರಿಹಾರವಿದೆ: ಒಲೆ ಕೂರುವ 3 ಅಡಿ ಜಾಗಕ್ಕೆ ಕಪ್ಪು ಗ್ರಾನೈಟ್, ಉಳಿದ 19 ಅಡಿಗೆ ಕ್ವಾರ್ಟ್ಜ್. ಒಂದೇ ಸ್ಲ್ಯಾಬಿನಲ್ಲಿ ಕೆಲಸ ಮುಗಿಯುತ್ತದೆ. 3 ಅಡಿಯ ಗ್ರಾನೈಟ್ ತುಂಡು ಯಾವ ಕಲ್ಲಿನ ಅಂಗಡಿಯಲ್ಲಾದರೂ ಕಟ್ ಪೀಸ್ ರಾಶಿಯಲ್ಲಿ ಸಿಗುತ್ತದೆ. ಕಾದ ಬಾಣಲೆ ಇಳಿಸಲು ಒಲೆಯ ಅಕ್ಕಪಕ್ಕದಲ್ಲೇ ಕಾವು ತಾಳುವ ಕಲ್ಲು ಸಿಕ್ಕಂತೆಯೂ ಆಯಿತು. ಕ್ವಾರ್ಟ್ಜ್ ದುರ್ಬಲವಾಗಿರುವ ಜಾಗದಲ್ಲೇ ಅದನ್ನು ಬಿಟ್ಟು ಹಣ ಉಳಿಸುವ ಈ ಜೋಡಣೆ ನಮ್ಮ ಅಡುಗೆಯ ರೀತಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಜಾಯಿಂಟುಗಳು ಬರ್ನರ್‌ಗಳಿಂದ ದೂರವಿರಬೇಕು, ಎರಡು ಕಲ್ಲುಗಳ ದಪ್ಪದಲ್ಲಿ ವ್ಯತ್ಯಾಸವಿದ್ದರೆ ಕೆಳಗೆ ಪ್ಯಾಕಿಂಗ್ ಕೊಟ್ಟು ಮೇಲ್ಮಟ್ಟವನ್ನು ರಸಮಟ್ಟದಲ್ಲಿ ಸಮ ಮಾಡಬೇಕು. ಇಷ್ಟೇ ಎಚ್ಚರ.

ಅಡುಗೆಮನೆ ತೀರ ಚಿಕ್ಕದಿದ್ದರೆ ಪೂರ್ತಿ ಸ್ಲ್ಯಾಬೂ ಬೇಡ. ದೊಡ್ಡ ಕೆಲಸಗಳಲ್ಲಿ ಉಳಿದ ಆರೇಳು ಅಡಿಯ ತುಂಡುಗಳನ್ನು ಯಾರ್ಡಿನವರು ಕಡಿಮೆ ದರಕ್ಕೆ ಬಿಡುತ್ತಾರೆ. ಎರಡು ಸ್ಲ್ಯಾಬ್ ಬೇಕಾದ ಕಡೆ ಎರಡೂ ಒಂದೇ ಬ್ಯಾಚಿನವೇ ಎಂದು ಹಿಂಬದಿಯ ಮುದ್ರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಬ್ಯಾಚ್ ಬೇರೆಯಾದರೆ ಬಣ್ಣದಲ್ಲಿ ಛಾಯೆ ವ್ಯತ್ಯಾಸ ಬರುತ್ತದೆ.

ದಪ್ಪ 15 ಮತ್ತು 20 ಮಿಲಿಮೀಟರಿನಲ್ಲಿ ಹೆಚ್ಚು ಸಿಗುತ್ತದೆ, 30ರದ್ದೂ ಉಂಟು. ಕೆಳಗೆ ಕಡಪಾ ಹಲಗೆಯ ಅಥವಾ ಕಾಂಕ್ರೀಟಿನ ಗಟ್ಟಿ ತಳವಿದ್ದರೆ 15 ಸಾಕು. ಪ್ಲೈವುಡ್ ಕ್ಯಾಬಿನೆಟ್ ಮೇಲೆ ನೇರವಾಗಿ ಕೂರಿಸುವುದಾದರೆ, ಅದರಲ್ಲೂ ವೆಟ್ ಗ್ರೈಂಡರ್ ಇಡುವ ಮನೆಯಾದರೆ, 20ಕ್ಕಿಂತ ಕಡಿಮೆ ಬೇಡ. 30 ಮಿಲಿಮೀಟರಿನ ಸ್ಲ್ಯಾಬ್ ಬಹುತೇಕ ನೋಟಕ್ಕಾಗಿ ಮಾತ್ರ. ದಪ್ಪ ಕಾಣಬೇಕೆಂದರೆ ಅಂಚಿನ ಕೆಳಗೆ ಅದೇ ಕಲ್ಲಿನ ಪಟ್ಟಿ ಅಂಟಿಸಿ ಡಬಲ್ ಮೌಲ್ಡಿಂಗ್ ಮಾಡಬಹುದು. ಆದರೆ ಆ ಪಟ್ಟಿಯೂ ಉಳಿದ ಕಲ್ಲಿನಲ್ಲೇ ಬರಬೇಕು. ಸ್ಕರ್ಟಿಂಗ್ ಬೇಕೋ ದಪ್ಪ ಅಂಚು ಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತದೆ.

ಕಲ್ಲಿನ ಬೆಲೆಯ ಮೇಲೆ ಬರುವ ಖರ್ಚುಗಳು

ಕೊಟೇಶನ್ ಕೇಳುವಾಗ ಕಲ್ಲಿನ ಬೆಲೆ, ಕೂಲಿ ಎರಡನ್ನೂ ಬಿಡಿಸಿ ಬರೆಸಬೇಕು. ಅಂಚಿನ ಪಾಲಿಶ್‌ಗೆ ರನ್ನಿಂಗ್ ಫೀಟ್ ಲೆಕ್ಕ. ಸಿಂಕ್ ಕೊರೆಯಲು, ಹಾಬ್ ಕೊರೆಯಲು, ನಲ್ಲಿಯ ತೂತಿಗೆ ಬೇರೆ ಬೇರೆ ದರ. ಸಿಂಕನ್ನು ಕಲ್ಲಿನ ಕೆಳಗಿನಿಂದ ಕೂರಿಸುವುದಾದರೆ ಕೊರೆದ ಒಳ ಅಂಚಿಗೂ ಪಾಲಿಶ್ ಬೇಕು, ಅದೂ ಸೇರುತ್ತದೆ. ಸಾಗಣೆ, ಇಳಿಸುವ ಕೂಲಿ, ಮಹಡಿಗೆ ಹೊರುವ ಕೂಲಿ, ಜಿಎಸ್‌ಟಿ ಇವು ದರದಲ್ಲಿ ಸೇರಿವೆಯೇ ಎಂಬುದನ್ನು ಮೊದಲೇ ಕೇಳದಿದ್ದರೆ ಅಗ್ಗವೆನಿಸಿದ ಕೊಟೇಶನ್ ಕೊನೆಗೆ ದುಬಾರಿಯಾಗುತ್ತದೆ. 20 ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಚದರಡಿಗೆ ಸುಮಾರು ನಾಲ್ಕೂವರೆ ಕಿಲೊ ತೂಗುತ್ತದೆ, ಪೂರ್ತಿ ಸ್ಲ್ಯಾಬ್ ಇನ್ನೂರು ಕಿಲೊ ಮೀರುತ್ತದೆ. ಹತ್ತಡಿಯ ಪಟ್ಟಿ ಲಿಫ್ಟಿನೊಳಗೆ ಹಿಡಿಯುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ತಿರುಗುತ್ತದೆಯೇ ಎಂದು ಮೊದಲೇ ಅಳೆದು ನೋಡಬೇಕು. ಅಂಚಿನ ವಿನ್ಯಾಸದಲ್ಲಿ ಸರಳವಾದದ್ದೇ ಕಡಿಮೆ ಖರ್ಚಿನದು ಮತ್ತು ಹೆಚ್ಚು ಬಾಳುವಂಥದ್ದು. ಚೂಪಾದ ಅಂಚಿಗಿಂತ ಸ್ವಲ್ಪ ದುಂಡಗಾದ ಅಂಚಿನಲ್ಲಿ ಚಕ್ಕೆ ಏಳುವುದು ಕಡಿಮೆ. ಕಟ್ಟೆಯ ಅಂಚಿಗೆ ಹೊಡೆದು ತೆಂಗಿನಕಾಯಿ ಒಡೆಯುವ ರೂಢಿಯನ್ನಂತೂ ಬಿಡಲೇಬೇಕು.

ಹಳೆಯ ಮನೆಯ ನವೀಕರಣದಲ್ಲಿ ಇನ್ನೊಂದು ದೊಡ್ಡ ಖರ್ಚು ಹಳೆಯ ಕಟ್ಟೆಯನ್ನು ಕಿತ್ತುಹಾಕುವುದು. ಗಾರೆಯ ಮೇಲೆ ಕೂರಿಸಿದ ಹಳೆಯ ಗ್ರಾನೈಟನ್ನು ಉಳಿಯಲ್ಲಿ ಒಡೆದು ತೆಗೆಯುವಾಗ ಗೋಡೆಯ ಕೆಳಸಾಲಿನ ಟೈಲ್ಸ್ ಒಡೆಯುತ್ತವೆ, ಕೆಲವೊಮ್ಮೆ ಸಿಂಕಿನ ಪೈಪೂ ಅಲುಗಾಡುತ್ತದೆ. ಹಳೆಯ ಕಲ್ಲು ಬಿರುಕಿಲ್ಲದೆ ಮಟ್ಟಸವಾಗಿದ್ದರೆ ಅದರ ಮೇಲೆಯೇ 15 ಮಿಲಿಮೀಟರಿನ ಕ್ವಾರ್ಟ್ಜ್ ಅಂಟಿಸಬಹುದು. ಒಡೆಯುವ ಕೂಲಿ, ತ್ಯಾಜ್ಯ ಸಾಗಿಸುವ ಬಾಡಿಗೆ, ಹೊಸ ಟೈಲ್ಸ್ ಎಲ್ಲವೂ ಉಳಿಯುತ್ತವೆ. ಆದರೆ ಕಟ್ಟೆ ಅರ್ಧ ಇಂಚಿಗೂ ಹೆಚ್ಚು ಎತ್ತರವಾಗುತ್ತದೆ, ಸಿಂಕನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಗಿಡ್ಡ ಮೈಕಟ್ಟಿನವರು ಅಡುಗೆ ಮಾಡುವ ಮನೆಯಲ್ಲಿ ಆ ಅರ್ಧ ಇಂಚೂ ಭುಜಕ್ಕೆ ಭಾರವೆನಿಸಬಹುದು. ಹಳೆಯ ಕಟ್ಟೆ ಈಗಾಗಲೇ ಎತ್ತರವಿದ್ದರೆ ಒಡೆಯುವುದೇ ಲೇಸು.

ಕತ್ತರಿಸುವಾಗ ಏಳುವ ದೂಳು

ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಾರ್ಖಾನೆ ಕಲ್ಲಿನ ಸ್ಲ್ಯಾಬುಗಳ ತಯಾರಿಕೆ, ಪೂರೈಕೆ, ಅಳವಡಿಕೆಯನ್ನು ನಿಷೇಧಿಸಿತು. ಹೀಗೆ ಮಾಡಿದ ಮೊದಲ ದೇಶ ಅದು. ಕಾರಣ ಸಿಲಿಕೋಸಿಸ್. ಬೆಣಚುಕಲ್ಲು ಎಂದರೆ ಹರಳು ರೂಪದ ಸಿಲಿಕಾ. ಸ್ಲ್ಯಾಬನ್ನು ನೀರಿಲ್ಲದೆ ಬ್ಲೇಡಿನಿಂದ ಕೊಯ್ದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಅವು ಶ್ವಾಸಕೋಶದ ತಳ ಸೇರಿ, ಗಾಯ ಮಾಡಿ, ಆ ಭಾಗವನ್ನು ನಾರಿನಂತೆ ಗಟ್ಟಿಗೊಳಿಸುತ್ತವೆ. ಒಮ್ಮೆ ಬಂದರೆ ಗುಣವಾಗುವ ಕಾಯಿಲೆಯಲ್ಲ. ಈ ಕಣಗಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ. ಗ್ರಾನೈಟ್ ದೂಳಿನಲ್ಲೂ ಸಿಲಿಕಾ ಇದೆ, ಆದರೆ ಅದರ ಪ್ರಮಾಣ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಕ್ವಾರ್ಟ್ಜ್‌ನಲ್ಲಿ ಶೇ 90ಕ್ಕೂ ಹೆಚ್ಚು. ಕಟ್ಟೆಯಾಗಿ ಕೂತ ಮೇಲೆ ಅದರಿಂದ ಮನೆಯವರಿಗೆ ಅಪಾಯವಿಲ್ಲ. ಅಪಾಯ ಕತ್ತರಿಸುವವರಿಗೆ.

ಕನ್ನಡ ನಾಡಿಗೆ ಈ ಕಾಯಿಲೆ ಅಪರಿಚಿತವಲ್ಲ. ಕೋಲಾರದ ಚಿನ್ನದ ಗಣಿಗಳ ಬಂಡೆಯಲ್ಲಿ ಇದ್ದದ್ದೂ ಇದೇ ಬೆಣಚುಕಲ್ಲು. ಅಲ್ಲಿನ ಕಾರ್ಮಿಕರಲ್ಲಿ ಕಂಡ ಸಿಲಿಕೋಸಿಸ್‌ನಿಂದಾಗಿ ಮೈಸೂರು ಸಂಸ್ಥಾನ 1940ರಲ್ಲೇ ಅದಕ್ಕಾಗಿ ಪ್ರತ್ಯೇಕ ನಿಯಮ ಮಾಡಿತ್ತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯ್ದೆಯೂ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತು. ಇಷ್ಟಾದರೂ ಮನೆಯ ಹೊಸ್ತಿಲಲ್ಲಿ ಕೂತು, ಮುಖಕ್ಕೆ ಒಂದು ಕರವಸ್ತ್ರ ಕಟ್ಟಿಕೊಂಡು, ಕೈಮೆಷಿನ್ನಿನಲ್ಲಿ ಒಣಗಲ್ಲು ಕೊಯ್ಯುವ ದೃಶ್ಯ ಇಂದಿಗೂ ಹಲವು ಊರುಗಳಲ್ಲಿ ಇದೆ. ಬಟ್ಟೆ ಈ ಕಣಗಳನ್ನು ತಡೆಯುವುದಿಲ್ಲ.

ಕೊಳ್ಳುವವರ ಕೈಯಲ್ಲಿ ಇಲ್ಲಿ ನಿಜವಾದ ಅಧಿಕಾರವಿದೆ. ಅಳತೆಯನ್ನು ಮೊದಲೇ ಪಕ್ಕಾ ಮಾಡಿ, ಕತ್ತರಿಸುವುದು, ಸಿಂಕ್ ಕೊರೆಯುವುದು, ಅಂಚಿನ ಪಾಲಿಶ್ ಎಲ್ಲವನ್ನೂ ನೀರು ಹಾಯಿಸುತ್ತ ಕೊಯ್ಯುವ ಯಂತ್ರವಿರುವ ಯಾರ್ಡಿನಲ್ಲೇ ಮಾಡಿಸಬೇಕು. ಮನೆಯಲ್ಲಿ ಅನಿವಾರ್ಯವಾದ ಸಣ್ಣಪುಟ್ಟ ಕೊಯ್ತಕ್ಕೂ ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು, ಕೆಲಸಗಾರರಿಗೆ ಸರಿಯಾದ ರೆಸ್ಪಿರೇಟರ್ ಮಾಸ್ಕ್ ಇರಬೇಕು. ಉಳಿದ ದೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇದರಿಂದ ಕೂಲಿ ಸ್ವಲ್ಪ ಹೆಚ್ಚಾದರೆ ಅದು ಕೊಡಲೇಬೇಕಾದ ಹಣ. ಇನ್ನೊಬ್ಬರ ಉಸಿರಿನ ಮೇಲೆ ಮಾಡುವ ಉಳಿತಾಯವನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಕೂರಿಸುವುದು ಮತ್ತು ಆಮೇಲೆ

ಯಾರ್ಡಿನಲ್ಲೇ ಕೊಯ್ಸಲು ಅಳತೆ ಕರಾರುವಾಕ್ಕಾಗಿರಬೇಕು. ಹೆಚ್ಚಿನ ಮನೆಗಳ ಗೋಡೆಗಳು ಮೂಲೆಮಟ್ಟಕ್ಕೆ ಸರಿಯಾಗಿರುವುದಿಲ್ಲ. ಟೇಪಿನ ಅಳತೆಯೊಂದನ್ನೇ ನಂಬದೆ ರಟ್ಟು ಅಥವಾ ತೆಳು ಪ್ಲೈವುಡ್ಡಿನಲ್ಲಿ ಕಟ್ಟೆಯ ಪೂರ್ತಿ ನಮೂನೆ ಕತ್ತರಿಸಿಕೊಂಡು ಹೋಗುವ ಮೇಸ್ತ್ರಿ ಸಿಕ್ಕರೆ ಅದು ಒಳ್ಳೆಯ ಕೆಲಸದ ಮೊದಲ ಲಕ್ಷಣ. ಸಿಂಕ್, ಹಾಬ್ ಮತ್ತು ನಲ್ಲಿಯನ್ನು ಮೊದಲೇ ಕೊಂಡು ಅವುಗಳನ್ನೇ ಅಳತೆಗೆ ಕೊಡಬೇಕು. ಕೊರೆದ ಮೂಲೆಗಳು ಚೂಪಾಗಿರದೆ ದುಂಡಗಿರಬೇಕು, ಏಕೆಂದರೆ ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲೇ. ಸಿಂಕಿನ ನಡುವೆ ಜಾಯಿಂಟ್ ಬರಕೂಡದು.

ಕ್ವಾರ್ಟ್ಜನ್ನು ಗ್ರಾನೈಟಿನ ಹಾಗೆ ಸಿಮೆಂಟ್ ಗಾರೆಯ ಮೇಲೆ ಕೂರಿಸುವುದು ಸರಿಯಲ್ಲ. ಕ್ವಾರ್ಟ್ಜ್ ಮತ್ತು ಗಾರೆಯ ಹಿಗ್ಗುವಿಕೆ ಬೇರೆ ಬೇರೆ. ಸಮತಟ್ಟಾದ ತಳದ ಮೇಲೆ ಸಿಲಿಕೋನ್ ಅಥವಾ ಎಪಾಕ್ಸಿ ಅಂಟಿನ ಮೇಲೆ ಕೂರಿಸಬೇಕು, ಗೋಡೆಯ ಕಡೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು ಸಿಲಿಕೋನ್ ತುಂಬಬೇಕು. ಜಾಯಿಂಟಿಗೆ ಕಲ್ಲಿನದೇ ಬಣ್ಣ ಬೆರೆಸಿದ ಎಪಾಕ್ಸಿ ಹಾಕಿಸಬೇಕು. ಬಿಳಿ ಸಿಮೆಂಟ್ ತುಂಬಿದರೆ ಕೆಲವೇ ತಿಂಗಳಲ್ಲಿ ಅದು ಹಳದಿಗಟ್ಟಿ ಕಪ್ಪಾಗುತ್ತದೆ. ಹಣದ ಕೊನೆಯ ಕಂತು ಕೊಡುವ ಮುನ್ನ ಕಟ್ಟೆಯ ಮೇಲೆ ಅಂಗೈ ಸವರಿ ಜಾಯಿಂಟಿನಲ್ಲಿ ಮೆಟ್ಟಿಲು ತಗಲುತ್ತದೆಯೇ ನೋಡಬೇಕು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಕೇಳಬೇಕು. ಟಾರ್ಚಿನ ಬೆಳಕನ್ನು ಅಡ್ಡಡ್ಡ ಹಾಯಿಸಿದರೆ ಪಾಲಿಶ್ ಮಾಸಿದ ಜಾಗ, ಗೀರು, ಕೂದಲೆಳೆಯ ಬಿರುಕು ಕಾಣುತ್ತವೆ. ಸಿಂಕಿನ ಸುತ್ತಲಿನ ಸಿಲಿಕೋನ್ ಗಟ್ಟಿಯಾಗಲು ಒಂದು ದಿನ ಬೇಕು. ಅಲ್ಲಿಯವರೆಗೆ ನೀರು ಬಿಡಬಾರದು.

ಆಮೇಲಿನ ಆರೈಕೆ ಹೆಚ್ಚೇನಿಲ್ಲ. ದಿನಕ್ಕೊಮ್ಮೆ ಪಾತ್ರೆ ತೊಳೆಯುವ ದ್ರವದಲ್ಲಿ ಒರೆಸುವುದು, ಗಡಸು ನೀರಿನ ಬಿಳಿ ಕಲೆ ಕಂಡಾಗ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ ತೊಳೆಯುವುದು. ಸ್ಟೀಲ್ ಸ್ಕ್ರಬ್ಬರ್ ಬೇಡ, ಅದು ಹೊಳಪನ್ನು ಮಂಕಾಗಿಸುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದರೆ ಎದ್ದ ಚೂರನ್ನು ಎಸೆಯದೆ ತೆಗೆದಿಟ್ಟುಕೊಂಡು, ಕಲ್ಲಿನ ಕೆಲಸದವರಿಂದ ಬಣ್ಣ ಹೊಂದಿಸಿದ ಎಪಾಕ್ಸಿಯಲ್ಲಿ ಮತ್ತೆ ಕೂಡಿಸಿ ಪಾಲಿಶ್ ಮಾಡಿಸಬಹುದು. ಸಿಂಕ್ ಕೊರೆದಾಗ ಉಳಿದ ತುಂಡನ್ನೂ ಬಿಟ್ಟುಕೊಡಬಾರದು. ಅಂಚನ್ನು ಉಜ್ಜಿಸಿಕೊಂಡರೆ ಚಪಾತಿ ಲಟ್ಟಿಸಲು ಒಳ್ಳೆಯ ಮಣೆಯಾಗುತ್ತದೆ, ಮುಂದೆಂದಾದರೂ ಕಟ್ಟೆಗೆ ತೇಪೆ ಹಾಕುವ ಸಂದರ್ಭ ಬಂದರೆ ಅದೇ ಬ್ಯಾಚಿನ ಕಲ್ಲು ಮನೆಯಲ್ಲೇ ಇದ್ದಂತಾಗುತ್ತದೆ.